ಮೂರು ಉಸಿರಿನ ಎಂಜಿನ್

ವೀಡ್ ಕಟರ್ ರಿಪೇರಿ ಮಾಡುವವಳಿಗೆ ವಿಮಾನದ ಎಂಜಿನ್ ಬಗ್ಗೆ ಏನು ಗೊತ್ತಾಗುತ್ತದೆ ಎಂದು ಒಬ್ಬರು ನನ್ನನ್ನು ಕೇಳಿದ್ದರು. ಆಗ ಕೈಯಲ್ಲಿ ಸ್ಪ್ಯಾನರ್ ಇತ್ತು, ಉತ್ತರ ಕೊಡಲು ಪುರುಸೊತ್ತಿರಲಿಲ್ಲ. ಈಗ ಕೈ ಖಾಲಿ ಇದೆ, ಬರೆಯುತ್ತೇನೆ. ಗೊತ್ತಾಗುತ್ತದೆ. ಚೆನ್ನಾಗಿಯೇ ಗೊತ್ತಾಗುತ್ತದೆ.

ಸುಂಟಿಕೊಪ್ಪದ ರಸ್ತೆ ಬದಿಯಲ್ಲಿ ನನ್ನದೊಂದು ತಗಡಿನ ಶೆಡ್ ಇದೆ. ಸುತ್ತಮುತ್ತಲ ತೋಟಗಳ ವೀಡ್ ಕಟರ್, ಸ್ಪ್ರೇಯರ್, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಎಂಜಿನ್ ಎಲ್ಲ ಅಲ್ಲಿಗೆ ಬರುತ್ತವೆ. ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿಯುವಾಗ ಕ್ಲಾಸಿಗೆಲ್ಲ ನಾನೊಬ್ಬಳೇ ಹುಡುಗಿ. ಶೆಡ್ ಹಾಕಿದ ಹೊಸದರಲ್ಲಿ ಬಂದವರೆಲ್ಲ ಮೊದಲು ಮೆಕ್ಯಾನಿಕ್ ಎಲ್ಲಿ ಎಂದು ಕೇಳುತ್ತಿದ್ದರು. ಊಟಕ್ಕೆ ಹೋಗಿದ್ದಾನೆ, ಬರುವವರೆಗೆ ನಾನು ನೋಡಿರುತ್ತೇನೆ ಎನ್ನುತ್ತಿದ್ದೆ. ಅವನು ಊಟ ಮುಗಿಸಿ ಬರುವಷ್ಟರಲ್ಲಿ ಅವರ ಮೆಷಿನ್ ಸ್ಟಾರ್ಟ್ ಆಗಿ ಜೀಪಿನಲ್ಲಿ ಕೂತಿರುತ್ತಿತ್ತು. ಹದಿನೈದು ವರ್ಷವಾಯಿತು, ಆ ಮೆಕ್ಯಾನಿಕ್ಕನ ಊಟ ಇನ್ನೂ ಮುಗಿದಿಲ್ಲ.

ನಾನು ಹುಟ್ಟಿದ್ದು ಪಾಲಿಬೆಟ್ಟದ ಹತ್ತಿರದ ಒಂದು ಕಾಫಿ ತೋಟದ ಲೈನಿನಲ್ಲಿ, ಎಂದರೆ ಆಳುಗಳ ಸಾಲುಮನೆಯಲ್ಲಿ. ಅವ್ವ ಆ ತೋಟದ ಆಳು. ಹಾಸನದ ಕಡೆಯಿಂದ ಹರೆಯದಲ್ಲಿ ಬಂದವಳು ನಲವತ್ತು ವರ್ಷ ಅಲ್ಲೇ ಹಣ್ಣು ಕುಯ್ದಳು, ಚಿಗುರು ಕಿತ್ತಳು, ಗೊಬ್ಬರ ಹೊತ್ತಳು. ಆ ತೋಟದ ಈಗಿನ ಸಾಹುಕಾರರು ವಾಯುಪಡೆಯಲ್ಲಿ ವಿಮಾನ ಹಾರಿಸಿ ನಿವೃತ್ತರಾಗಿ, ಅಪ್ಪನ ತೋಟ ನೋಡಿಕೊಳ್ಳಲು ಬಂದವರು. ಬಂದವರು ಸುಮ್ಮನೆ ಬರಲಿಲ್ಲ. ಎರಡು ಸೀಟಿನ ಪುಟ್ಟ ವಿಮಾನವೊಂದನ್ನು ಲಾರಿಯಲ್ಲಿ ಬಿಚ್ಚಿ ತಂದರು, ಗದ್ದೆಯ ಪಕ್ಕದ ಹುಲ್ಲುಗಾವಲನ್ನು ಮಟ್ಟ ಮಾಡಿಸಿ ರನ್‌ವೇ ಎಂದು ಕರೆದರು. ಮೊದಲ ದಿನ ಅದು ಎದ್ದಾಗ ಲೈನಿನ ನಾಯಿಗಳೆಲ್ಲ ಅಡುಗೆಮನೆಗಳಿಗೆ ನುಗ್ಗಿದ್ದವು.

ಅದರ ಎಂಜಿನ್ನು ನಾವು ದಿನಾ ನೋಡುವಂಥದ್ದಲ್ಲ, ರೋಟರಿ. ಮೇಲೆ ಕೆಳಗೆ ಓಡುವ ಪಿಸ್ಟನ್ ಅದರಲ್ಲಿಲ್ಲ. ಕಡಲೆಕಾಯಿಯ ಹಾಗೆ ನಡು ಒತ್ತಿಕೊಂಡ ಒಂದು ಕೋಣೆ, ಅದರೊಳಗೆ ಬದಿಗಳು ಉಬ್ಬಿದ ಒಂದು ತ್ರಿಕೋನ ಸುತ್ತುತ್ತಿರುತ್ತದೆ. ತ್ರಿಕೋನದ ಮೂರು ಮೂಲೆಗಳಲ್ಲಿ ಮೂರು ತೆಳ್ಳನೆಯ ಪಟ್ಟಿಗಳಿವೆ, ಅವೇ ಸೀಲ್. ಅವು ಗೋಡೆಗೆ ಒತ್ತಿಕೊಂಡು ಉಜ್ಜುತ್ತಾ ಹೋಗುವುದರಿಂದ ಒಳಗೆ ಮೂರು ಬೇರೆ ಬೇರೆ ಕೋಣೆಗಳಾಗುತ್ತವೆ. ವಿರಾಜಪೇಟೆಯ ಎರಡು ವರ್ಕ್‌ಶಾಪಿನವರು ಇದು ನಮ್ಮ ಕೈಗೆ ಹತ್ತುವುದಿಲ್ಲ ಎಂದ ಮೇಲೆ ಸಾಹುಕಾರರು ನನ್ನನ್ನು ಕರೆಸಿದರು. ಸ್ವಿಚ್ ಆಫ್ ಮಾಡಿ ಪ್ರೊಪೆಲ್ಲರನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಲು ಹೇಳಿದರು. ಒಂದು ಸುತ್ತು ಮುಗಿಯುವಷ್ಟರಲ್ಲಿ ಮೂರು ಸಲ ಕೈಗೆ ತಡೆ ಸಿಕ್ಕಿತು, ಮೂರು ಸಲ ಸೈಲೆನ್ಸರಿನಿಂದ ಫುಸ್ ಎಂದು ಉಸಿರು ಬಂತು. ಮೂರೂ ಒಂದೇ ಸಮ ಇರಬೇಕು ಎಂದರು. ಒಂದೇ ಉಸಿರು ಸೋತರೆ ತ್ರಿಕೋನದ ಆ ಮುಖದ ಅಂಚಿನಲ್ಲಿರುವ ಬದಿಯ ಸೀಲ್ ನೋಡಬೇಕು. ಅಕ್ಕಪಕ್ಕದ ಎರಡು ಉಸಿರು ಒಟ್ಟಿಗೆ ಸೋತರೆ ಅವೆರಡರ ನಡುವಿನ ಮೂಲೆಯ ಸೀಲ್ ಹೋಗಿದೆ ಎಂದೇ ಅರ್ಥ.

ಅವರು ಇದನ್ನು ಕಾಗದದ ಮೇಲೆ ಚಿತ್ರ ಬರೆದು ವಿವರಿಸಲು ಹೊರಟರು. ಚಿತ್ರ ನನಗೆ ಬೇಕಾಗಿರಲಿಲ್ಲ. ಲೈನಿನಲ್ಲಿ ಹುಟ್ಟಿದವರಿಗೆ ನಡುಗೋಡೆ ಅಂದರೆ ಏನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸಾಲಾಗಿ ಆರು ಮನೆ, ಎರಡು ಮನೆಗೆ ಒಂದೇ ಗೋಡೆ. ಗೋಡೆ ಬಿರುಕು ಬಿಟ್ಟರೆ ಈ ಮನೆಯ ಹೊಗೆ ಆ ಮನೆಗೆ, ಆ ಮನೆಯ ಜಗಳ ಈ ಮನೆಗೆ. ಮೂರನೆಯ ಮನೆಯವರು ಮಾತ್ರ ಆರಾಮಾಗಿ ಮಲಗಿರುತ್ತಾರೆ.

ನಮ್ಮ ಮನೆಯ ನಡುಗೋಡೆಗೂ ಬಿರುಕು ಬಿದ್ದಿತ್ತು. ಆಗ ನನಗೆ ಎಂಟೋ ಒಂಬತ್ತೋ ವರ್ಷ, ತೋಟ ಈಗಿನ ಸಾಹುಕಾರರ ಅಪ್ಪನ ಕೈಯಲ್ಲಿತ್ತು. ಲೈನು ನೋಡಲು ಸರ್ಕಾರದ ಇನ್‌ಸ್ಪೆಕ್ಟರ್ ಬರುತ್ತಾರೆ ಎಂದು ಗೊತ್ತಾಗಿ, ಹಿಂದಿನ ದಿನವೇ ತೋಟದ ಲೆಕ್ಕ ಬರೆಯುವ ರೈಟರ್ ಬಿರುಕಿಗೆ ಮಣ್ಣು ಮೆತ್ತಿಸಿ ಮೇಲೆ ಸುಣ್ಣ ಬಳಿಸಿದ. ಮರುದಿನ ಇನ್‌ಸ್ಪೆಕ್ಟರು ಬಾಗಿಲಲ್ಲಿ ನಿಂತು ಚೆನ್ನಾಗಿದೆಯಲ್ಲ ಎಂದರು. ಅವ್ವ ಸೊಂಟದಿಂದ ಕತ್ತಿ ತೆಗೆದು, ಮೂಲೆಯಿಂದ ಶುರುಮಾಡಿ ಉದ್ದಕ್ಕೂ ಸುಣ್ಣ ಕೆರೆದಳು. ಮಣ್ಣು ಉದುರಿ ಬಿರುಕಿನೊಳಗಿಂದ ಪಕ್ಕದ ಮನೆಯ ಬೆಳಕು ಬಂತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಶಾಲೆಯಲ್ಲಿ ಆಮೇಲೆ ಹೇಳಿಕೊಟ್ಟರು, ನನಗೆ ಆಗಲೇ ಪಾಠವಾಗಿತ್ತು. ಆ ವಾರ ಅವ್ವನಿಗೆ ಜಿಗಣೆ ತುಂಬಿದ ಜೌಗು ತುಂಡಿನಲ್ಲಿ ಕೆಲಸ ಹಾಕಿದರು. ಹೋದಳು, ಮಾಡಿದಳು.

ಆ ಅವ್ವ ಹೋದ ವರ್ಷದ ಏಪ್ರಿಲ್ಲಿನಲ್ಲಿ ಕೆಲಸದಿಂದ ನಿವೃತ್ತಳಾದಳು. ಸಾಹುಕಾರರು ಶಾಲು ಹೊದಿಸಿ, ಇದೇ ಮನೆಯಲ್ಲಿ ಇದ್ದುಕೋ, ಬೇರೆ ಏನು ಬೇಕು ಹೇಳು ಎಂದರು. ಎಲ್ಲರೂ ಏನೇನೋ ಊಹಿಸಿದ್ದರು. ಅವ್ವ ಒಂದು ಸಲ ವಿಮಾನದಲ್ಲಿ ಕೂರಿಸಿ ಎಂದಳು. ನಲವತ್ತು ವರ್ಷ ಗಿಡದ ಬುಡದಲ್ಲೇ ನಿಂತು ನೋಡಿದ ತೋಟವನ್ನು ಮೇಲಿನಿಂದ ನೋಡಬೇಕಂತೆ. ಸಾಹುಕಾರರು ಜೋರಾಗಿ ನಕ್ಕರು, ಆದರೆ ಮಾತು ಕೊಟ್ಟರು. ಮಳೆ ಹತ್ತಿರ ಬಂದಿತ್ತು, ಅಕ್ಟೋಬರ್ ಆಗಲಿ ಎಂದು ತೀರ್ಮಾನವಾಯಿತು. ಅವ್ವ ಆ ಐದಾರು ತಿಂಗಳು ಲೈನಿನಲ್ಲಿ ಕೂತು ಬೇರೆ ಮಾತೇ ಆಡಲಿಲ್ಲ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಮುಚ್ಚಿಡುವುದಿಲ್ಲ.

ಕೊಡಗಿನಲ್ಲಿ ಮಳೆ ಹಿಡಿಯಿತೆಂದರೆ ಕಬ್ಬಿಣ ಕೂತಲ್ಲೇ ತುಕ್ಕು ಹಿಡಿಯುತ್ತದೆ. ಅದಕ್ಕೇ ಇಲ್ಲಿ ಮೇ ತಿಂಗಳ ಕೊನೆಗೆ ಪ್ರತಿ ತೋಟದಲ್ಲೂ ಎಂಜಿನ್ನುಗಳಿಗೆ ಎಣ್ಣೆ ಕುಡಿಸುತ್ತೇವೆ. ಪ್ಲಗ್ ಬಿಚ್ಚಿ, ಆ ತೂತಿನಿಂದ ಒಳಗೆ ದಪ್ಪ ಎಣ್ಣೆ ಸುರಿದು, ನಾಲ್ಕು ಸುತ್ತು ಸುತ್ತಿಸಿ, ಗೋಣಿ ಹೊದಿಸಿ ಮಲಗಿಸುವುದು. ಮಳೆ ಬಿಟ್ಟ ಮೇಲೆ ಪ್ಲಗ್ ಬಿಚ್ಚಿ ಎಳೆದರೆ ಎಣ್ಣೆ ಉಗುಳಿ ಎದ್ದು ಕೂರುತ್ತದೆ. ವೀಡ್ ಕಟರಿಗೂ ಇದೇ, ಸ್ಪ್ರೇಯರಿಗೂ ಇದೇ. ನಾನು ಆ ರೋಟರಿಗೂ ಇದನ್ನೇ ಮಾಡಿದೆ. ಯಾರನ್ನೂ ಕೇಳಲಿಲ್ಲ, ಮೊದಲು ತಿರುಗಿಸಿ ಉಸಿರು ನೋಡಲೂ ಇಲ್ಲ, ಪಲ್ಪರಿನ ಗೇರಿಗೆ ಹಾಕುವ ಎಣ್ಣೆ ಕೈಗೆ ಸಿಕ್ಕಿತು, ವಿಮಾನ ದೊಡ್ಡದಲ್ಲವೇ ಎಂದು ಒಂದಿಷ್ಟು ಜಾಸ್ತಿಯೇ ಸುರಿದೆ.

ಅಕ್ಟೋಬರಿನ ಒಂದು ಶುಕ್ರವಾರ ವರ್ಷದ ತಪಾಸಣೆಗೆಂದು ಬೆಂಗಳೂರಿನಿಂದ ಎಂಜಿನಿಯರ್ ಒಬ್ಬರು ಬಂದರು. ನಾನು ಮೊದಲೇ ಪ್ಲಗ್ ಬಿಚ್ಚಿ ಸುತ್ತಿಸಿ ಎಣ್ಣೆ ಉಗುಳಿಸಿಟ್ಟಿದ್ದೆ. ಅವರು ಪ್ಲಗ್ಗಿನ ಜಾಗದಲ್ಲಿ ಒತ್ತಡ ಅಳೆಯುವ ಗೇಜ್ ಕೂರಿಸಿದರು, ನಾನು ಪ್ರೊಪೆಲ್ಲರ್ ತಿರುಗಿಸಿದೆ. ಮುಳ್ಳು ಮೂರು ಸಲ ಒಂದೇ ಎತ್ತರಕ್ಕೆ ನೆಗೆಯಿತು. ಎಂಜಿನ್ ಹೊಸದರ ಹಾಗಿದೆ ಎಂದು ಅವರು ಬರೆದುಕೊಂಡರು. ಸಾಹುಕಾರರ ಮುಖ ಅರಳಿತು, ಭಾನುವಾರ ಬೆಳಿಗ್ಗೆಯೇ ಅವ್ವನನ್ನು ಕರೆದುಕೊಂಡು ಹೋಗುತ್ತೇನೆ ಎಂದರು.

ನನ್ನ ಕೈ ಮಾತ್ರ ಒಪ್ಪಲಿಲ್ಲ. ಆ ತಡೆ ಜಾಸ್ತಿ ಚೆನ್ನಾಗಿತ್ತು. ನಾನು ಮುಂಚೆ ತಿರುಗಿಸಿದಾಗಲೆಲ್ಲ ಇದ್ದದ್ದಕ್ಕಿಂತ ಚೆನ್ನಾಗಿತ್ತು. ಐದು ತಿಂಗಳು ಮಳೆಯಲ್ಲಿ ಮಲಗಿದ ಎಂಜಿನ್ನು ಹರೆಯಕ್ಕೆ ಬಂದದ್ದನ್ನು ನಾನು ಎಲ್ಲೂ ಕಂಡಿಲ್ಲ. ಇನ್ನೊಂದು ಸಂಗತಿಯೂ ಮನಸ್ಸಿನಲ್ಲಿ ಕೊರೆಯುತ್ತಿತ್ತು. ರನ್‌ವೇ ಪಕ್ಕ ಒಂದು ಹಲಸಿನ ಮರವಿದೆ. ಮೊದಲೆಲ್ಲ ವಿಮಾನ ಆ ಮರಕ್ಕಿಂತ ಮುಂಚೆಯೇ ನೆಲ ಬಿಡುತ್ತಿತ್ತು. ಆ ಏಪ್ರಿಲ್ಲಿನಲ್ಲಿ ಮರ ದಾಟಿ, ಬೇಲಿ ಹತ್ತಿರ ಬಂದ ಮೇಲೆ ಎದ್ದಿತು. ಕೇಳಿದಾಗ ಬಿಸಿಲಿಗೆ ಗಾಳಿ ತೆಳುವಾಗಿರುತ್ತದೆ ಎಂದು ಸಾಹುಕಾರರು ಹೇಳಿದ್ದರು, ನಾನೂ ನಂಬಿದ್ದೆ.

ಇಬ್ಬರ ಮುಂದೆಯೂ ಹೇಳಿದೆ. ನಾನೇ ದಪ್ಪ ಎಣ್ಣೆ ಹಾಕಿದ್ದೆ, ಉಗುಳಿದ್ದು ಅರ್ಧವೂ ಇಲ್ಲ, ಉಳಿದದ್ದು ಸೀಲುಗಳ ಸಂದಿಯಲ್ಲಿ ತುಂಬಿಕೊಂಡಿದೆ, ಗೇಜು ಅಳೆದದ್ದು ಸೀಲನ್ನಲ್ಲ, ನನ್ನ ಎಣ್ಣೆಯನ್ನು. ಅರ್ಧ ಗಂಟೆ ಓಡಿಸಿ ಎಣ್ಣೆ ಸುಟ್ಟ ಮೇಲೆ, ಬಿಸಿಯಿರುವಾಗಲೇ ಇನ್ನೊಮ್ಮೆ ಅಳೆಯಿರಿ ಎಂದೆ. ಎಂಜಿನಿಯರು ಕೆಟ್ಟವರಲ್ಲ. ಆದರೆ ಬರೆದದ್ದನ್ನು ಹೊಡೆದುಹಾಕುವುದು ಯಾರಿಗೂ ಇಷ್ಟವಿಲ್ಲ.

"ವೀಡ್ ಕಟರ್ ರಿಪೇರಿ ಮಾಡೋರಿಗೆ ಏರ್‌ಕ್ರಾಫ್ಟ್ ಎಂಜಿನ್ ಬಗ್ಗೆ ಏನ್ ಗೊತ್ತಾಗುತ್ತೆ ಮೇಡಂ?" ಎಂದರು. "ಎಣ್ಣೆ ಹಾಕಿದ್ದೇ ತಪ್ಪು ಅಂತ ನೀವೇ ಒಪ್ತಿದೀರ. ಆಮೇಲೆ ನಿಮ್ಮ ಮಾತನ್ನ ನಾನು ಹೇಗೆ ನಂಬ್ಲಿ?"

ಸಾಹುಕಾರರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. ಅವಳ ಕೈ ಒಳ್ಳೆಯದು, ಆದರೆ ಗೇಜೂ ಗೇಜೇ, ನೋಡೋಣ ಎಂದರು. ನೋಡೋಣ ಎಂದರೆ ಏನು ಎಂದು ನನಗೆ ಗೊತ್ತು. ಭಾನುವಾರ ಹಾರುತ್ತಾರೆ. ನನಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ರನ್‌ವೇ ದಾಟಿದರೆ ಆ ಕಡೆ ಮೈಲಿಗಟ್ಟಲೆ ಕಾಫಿ, ಕಾಫಿಯ ಮೇಲೆ ನೆರಳಿಗೆ ಬೆಳೆಸಿದ ಎತ್ತರದ ಸಿಲ್ವರ್ ಮರ. ಎಂಜಿನ್ ಸೋತರೆ ಇಳಿಸಲು ಒಂದು ಕಣದಷ್ಟು ಜಾಗವೂ ಇಲ್ಲ.

ಭಾನುವಾರ ಮೊದಲ ಬಸ್ಸಿಗೆ ಹೊರಟೆ. ನಾನು ತೋಟ ಮುಟ್ಟಿದಾಗ ಹುಲ್ಲಿನ ಮೇಲೆ ಮಂಜು ಇನ್ನೂ ಬಿಟ್ಟಿರಲಿಲ್ಲ. ವಿಮಾನ ನಿಲ್ಲಿಸುವ ಶೆಡ್ಡಿಗೆ ಹೋಗಿ ಪ್ಲಗ್ ಬಿಚ್ಚಿದೆ, ಒರೆಸಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ, ವಿಮಾನದ ಚಕ್ರದ ಪಕ್ಕ ಕೂತೆ. ಸ್ವಲ್ಪ ಹೊತ್ತಿಗೆ ಸಾಹುಕಾರರು ಬಂದರು, ಹಿಂದೆ ಬಂಗಲೆಯಲ್ಲೇ ಉಳಿದುಕೊಂಡಿದ್ದ ಎಂಜಿನಿಯರು, ಅವರ ಹಿಂದೆ ಅವ್ವ. ಅವ್ವ ಹಸಿರು ಸೀರೆಯ ಮೇಲೆ ಸ್ವೆಟರ್ ಹಾಕಿ, ಗಾಳಿಗೆ ಕಿವಿ ಮುಚ್ಚುವಂತೆ ಟವೆಲ್ ಕಟ್ಟಿಕೊಂಡಿದ್ದಳು. ಲೈನಿನ ಅರ್ಧ ಜನ ಬೇಲಿಯ ಹತ್ತಿರ ನಿಂತಿದ್ದರು.

"ಎಂತ ಇದು? ಪ್ಲಗ್ ಎಲ್ಲುಂಟು?" ಎಂದರು ಸಾಹುಕಾರರು.

"ನನ್ನ ಜೇಬಲ್ಲಿದೆ ಸಾರ್. ಓಡಿಸಿ ನೋಡೋದಾದ್ರೆ ಈಗಲೇ ಹಾಕ್ತೀನಿ. ಹಾರಿಸೋದಾದ್ರೆ ಕೊಡಲ್ಲ."

ಅವರ ಮುಖ ಕೆಂಪಾಯಿತು. ಇದು ನನ್ನ ವಿಮಾನ, ನನ್ನ ತೋಟ ಎಂದರು. ಹೌದು ಎಂದೆ. ನಾಳೆಯಿಂದ ನೀನು ಇಲ್ಲಿಗೆ ಬರುವುದು ಬೇಡ ಎಂದರು. ಅದಕ್ಕೂ ಹೌದು ಎಂದೆ. ಇನ್ನೊಂದು ಪ್ಲಗ್ ಮನೆಯಲ್ಲಿದೆ, ತರಿಸುತ್ತೇನೆ ಎಂದರು. ತರಿಸಿ, ಪ್ರೊಪೆಲ್ಲರ್ ಹಿಡಿದುಕೊಂಡು ಕೂರುತ್ತೇನೆ ಎಂದೆ. ಅಷ್ಟು ಜನರ ಮುಂದೆ ಆ ಮನೆತನದ ಯಾರಿಗೂ ಯಾರೂ ಹಾಗೆ ಮಾತಾಡಿರಲಿಲ್ಲ.

ಉತ್ತರ ಕೊಡಲು ಕಷ್ಟವಾದದ್ದು ಅವ್ವನ ಮಾತಿಗೆ. ಅವಳು ಹತ್ತಿರ ಬಂದು ನಿಂತಳು.

"ನಲವತ್ತು ವರ್ಷ ಕೆಳಗಿಂದ್ಲೇ ನೋಡಿದೀನಿ ಕಣೇ," ಎಂದಳು. "ಒಂದ್ಸಲ ಮೇಲಿಂದ ನೋಡಕ್ಕೆ ಬಿಡು. ಎಲ್ರು ಮುಂದೆ ನನ್ ಮರ್ವಾದಿ ಕಳೀಬ್ಯಾಡ."

ಸೀಲು, ಗೇಜು, ಕಂಪ್ರೆಷನ್ ಎಂದೆಲ್ಲ ಹೇಳಲು ಬಾಯಿ ತೆರೆದೆ. ಅದ್ಯಾವುದೂ ಅವಳಿಗೆ ಬೇಕಾಗಿರಲಿಲ್ಲ.

"ಸುಣ್ಣ ಬಳಿದೈತೆ ಅವ್ವ," ಎಂದೆ. "ಒಳಗೆ ನಡುಗೋಡೆ ಬಿರುಕು ಬಿಟ್ಟಿರಬೇಕು. ಮೇಲೆ ಸುಣ್ಣ ಬಳಿದೋಳು ನಾನೇ."

ಅವ್ವ ನನ್ನನ್ನೇ ನೋಡಿದಳು. ತಲೆಗೆ ಕಟ್ಟಿದ್ದ ಟವೆಲನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. ಆಮೇಲೆ ಸಾಹುಕಾರರ ಕಡೆ ತಿರುಗಿ, "ಹಂಗಾದ್ರೆ ಕೆರೆದು ನೋಡಿ ಸಾವ್ಕಾರ್ರೆ. ಅಲ್ಲೀಗಂಟ ನಾನು ಹತ್ತಕಿಲ್ಲ," ಎಂದಳು.

ಸಾಹುಕಾರರು ನನಗೆ ಇಲ್ಲ ಎನ್ನಬಹುದಿತ್ತು, ಅವಳಿಗೆ ಎನ್ನಲು ಅವರಿಂದಾಗಲಿಲ್ಲ. ವಿಮಾನದ ಬಾಲವನ್ನು ಹಲಸಿನ ಮರದ ಬುಡಕ್ಕೆ ಹಗ್ಗದಿಂದ ಕಟ್ಟಿದೆವು. ಜೇಬಿನಿಂದ ಪ್ಲಗ್ ತೆಗೆದು ಹಾಕಿದೆ. ಎಂಜಿನ್ ಸ್ಟಾರ್ಟ್ ಆದದ್ದೇ ಹಲಸಿನ ಮರ ಕಾಣದಷ್ಟು ಹೊಗೆ ಬಂತು. ಅದು ನಾನು ಮೇ ತಿಂಗಳಲ್ಲಿ ಸುರಿದ ಎಣ್ಣೆ. ಬೇಲಿಯ ಹತ್ತಿರದವರು ಕೆಮ್ಮುತ್ತಾ ಹಿಂದೆ ಸರಿದರು. ಹತ್ತು ನಿಮಿಷಕ್ಕೆ ಹೊಗೆ ತೆಳುವಾಯಿತು, ಇಪ್ಪತ್ತಕ್ಕೆ ನಿಂತಿತು. ಹೊಗೆ ನಿಂತ ಮೇಲೆ ಶಬ್ದ ಬದಲಾಯಿತು. ವೇಗ ನಿಧಾನಕ್ಕೆ ಇಳಿಸಿದಾಗ ಎಂಜಿನ್ ಒಂದು ಹೆಜ್ಜೆ ಸರಿಯಾಗಿ ಇಟ್ಟು ಎರಡು ಹೆಜ್ಜೆ ಕುಂಟುತ್ತಿತ್ತು. ಸಾಹುಕಾರರು ವಾಯುಪಡೆಯ ಕಿವಿಯವರು, ಅವರಿಗೆ ಕೇಳಿಸದೆ ಇರಲಿಲ್ಲ. ಸ್ವಿಚ್ ಆಫ್ ಮಾಡಿ, ಕೈಗವಸು ಕಳಚಿ, ನೀನೇ ತಿರುಗಿಸು ಎಂದು ನನಗೆ ಸನ್ನೆ ಮಾಡಿದರು.

ತಿರುಗಿಸಿದೆ. ಮೊದಲನೆಯದು ಗಟ್ಟಿಯಾಗಿ ಫುಸ್ ಎಂದಿತು. ಎರಡನೆಯದರಲ್ಲಿ ಕೈಗೆ ತಡೆಯೇ ಸಿಗಲಿಲ್ಲ, ಮೂರನೆಯದರಲ್ಲೂ ಅಷ್ಟೆ. ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಒಂದು ಗಟ್ಟಿ, ಎರಡು ಸೋತವು. ಎಂಜಿನಿಯರು ತಾವಾಗಿಯೇ ಗೇಜ್ ತಂದು ಕೂರಿಸಿದರು. ಮುಳ್ಳು ಒಂದು ಸಲ ನೆಗೆಯಿತು, ಎರಡು ಸಲ ಅಲ್ಲೇ ತೂಕಡಿಸಿತು. ಅವರು ಶುಕ್ರವಾರ ಬರೆದ ಹಾಳೆಯ ಮೇಲೆ ಅಡ್ಡಗೆರೆ ಎಳೆದು, ಮೂಲೆಯ ಸೀಲ್ ಎಂದು ನನ್ನ ಕಡೆ ನೋಡದೆ ಹೇಳಿದರು. ವೀಡ್ ಕಟರಿನ ಮಾತು ನೆನಪಿಸುವ ಆಸೆ ಬಹಳ ಇತ್ತು, ಗೇಜ್ ಬಿಚ್ಚಲು ಸ್ಪ್ಯಾನರ್ ಎತ್ತಿಕೊಂಡೆ.

ಮುಂದಿನ ವಾರ ಮೂವರೂ ಸೇರಿ ಎಂಜಿನ್ ಬಿಚ್ಚಿದೆವು. ಒಂದು ಮೂಲೆಯ ಸೀಲಿನ ತುದಿ ಉಗುರಿನಷ್ಟು ಮುರಿದುಹೋಗಿತ್ತು. ನನ್ನ ಎಣ್ಣೆಯಿಂದಲೇ ಅದು ಅಂಟಿಕೊಂಡು ಮುರಿಯಿತೇ ಎಂಬ ಭಯ ನನಗೆ ಆ ವಾರವೆಲ್ಲ ಇತ್ತು. ಎಂಜಿನಿಯರು ಅದನ್ನು ಬೆಳಕಿಗೆ ಹಿಡಿದರು. ಈಚೆಗೆ ಮುರಿದಿದ್ದರೆ ಮುರಿದ ಜಾಗ ಹೊಳೆಯಬೇಕಿತ್ತು. ಇದು ಮಸಿ ಹಿಡಿದು ಕಪ್ಪಾಗಿತ್ತು. ಎಂದರೆ ಮಳೆಗೆ ಮುಂಚೆಯೇ ಮುರಿದಿತ್ತು, ಆ ಏಪ್ರಿಲ್ಲಿನಲ್ಲಿ ಹಲಸಿನ ಮರ ದಾಟಿ ಎದ್ದದ್ದು ಬಿಸಿಲಿನಿಂದ ಆಗಿರಲಿಲ್ಲ. ಮುರಿದ ಸೀಲಿನಲ್ಲೇ ಸಾಹುಕಾರರು ಸಿಲ್ವರ್ ಮರಗಳ ಮೇಲೆ ಹಾರಿ ಬಂದಿದ್ದರು. ಆ ತುಂಡನ್ನು ಅವರು ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನಗೆ ಕಾಫಿ ತರಲು ತಾವೇ ಎದ್ದು ಹೋದರು. ನಾಳೆಯಿಂದ ಬರಬೇಡ ಎಂದದ್ದನ್ನು ಇಬ್ಬರೂ ನೆನಪಿಸಿಕೊಳ್ಳಲಿಲ್ಲ.

ಆದರೂ ನನ್ನ ತಪ್ಪು ತಪ್ಪೇ. ಸೀಲು ಮುರಿದವಳು ನಾನಲ್ಲ, ಮುರಿದದ್ದನ್ನು ಮುಚ್ಚಿದವಳು ನಾನು. ಈಗ ಮಳೆಗೆ ಮುಂಚೆ ಯಾವ ಎಂಜಿನ್ನಿಗೆ ಎಣ್ಣೆ ಕುಡಿಸಿದರೂ ಪ್ಲಗ್ಗಿಗೆ ಒಂದು ಕೆಂಪು ಬಟ್ಟೆ ಕಟ್ಟುತ್ತೇನೆ. ಬಟ್ಟೆ ಇದ್ದರೆ ಗೇಜಿನ ಮಾತು ನಂಬಬಾರದು ಎಂದರ್ಥ. ಸುಂಟಿಕೊಪ್ಪದ ಸುತ್ತ ಈಗ ಬೇರೆಯವರೂ ಕಟ್ಟುತ್ತಿದ್ದಾರೆ.

ಹೊಸ ಸೀಲುಗಳು ಬಂದು, ಎಂಜಿನ್ ಕೂಡಿಸಿ, ಸಾಹುಕಾರರು ಒಬ್ಬರೇ ನಾಲ್ಕಾರು ದಿನ ಹಾರಿಸಿ ನೋಡುವಷ್ಟರಲ್ಲಿ ಜನವರಿಯಾಯಿತು. ತೋಟದಲ್ಲಿ ಕಾಫಿ ಹಣ್ಣಿನ ಪಿಕಿಂಗ್ ನಡೆಯುತ್ತಿತ್ತು. ಅವ್ವ ಅದೇ ಹಸಿರು ಸೀರೆ, ಅದೇ ಟವೆಲಿನಲ್ಲಿ ಬಂದಳು. ಮತ್ತೆ ಬಂದಿದ್ದ ಎಂಜಿನಿಯರು ಗೇಜಿಗೆ ಕೈ ಹಾಕಿದಾಗ ಅವ್ವ ತಡೆದು, ಮೊದಲು ಮಗಳು ತಿರುಗಿಸಲಿ ಎಂದಳು. ಸೈಲೆನ್ಸರಿನ ಹತ್ತಿರ ಕಿವಿ ಇಟ್ಟು ನಿಂತಳು. ನಾನು ತಿರುಗಿಸಿದೆ. ಮೂರು ಉಸಿರು ಬಂದವು, ಮೂರೂ ಒಂದೇ ಸಮ. ಅವ್ವ ತಲೆಯಾಡಿಸಿ ಹತ್ತಿ ಕೂತಳು.

ವಿಮಾನ ಹಲಸಿನ ಮರಕ್ಕಿಂತ ಮುಂಚೆಯೇ ಎದ್ದಿತು. ಹಣ್ಣು ಕುಯ್ಯುತ್ತಿದ್ದವರೆಲ್ಲ ಬುಟ್ಟಿ ಇಳಿಸಿ ಮೇಲೆ ನೋಡಿದರು. ನಾನು ಅಳುತ್ತಿದ್ದೆ, ಅದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಕಾಲು ಗಂಟೆ ಸುತ್ತಿ ಇಳಿದರು. ಅವ್ವ ಇಳಿದವಳು ಮೊದಲು ಸೀರೆ ಸರಿಮಾಡಿಕೊಂಡಳು. ಹೇಗಿತ್ತು ಎಂದು ಸಾಹುಕಾರರು ಆಸೆಯಿಂದ ಕೇಳಿದರು.

"ಚೆಂದಾಗೈತೆ," ಎಂದಳು. "ಮೇಲಿಂದ ನಮ್ ಲೈನೂ ಚೆಂದಾಗೇ ಕಾಣ್ತದೆ ಸಾವ್ಕಾರ್ರೆ. ಒಂದು ಬಿರುಕೂ ಕಾಣಕಿಲ್ಲ. ನಾಳೆ ನೀವು ಕೆಳಗಿಂದ ಬಂದು ನೋಡಿ."

ಮರುದಿನ ಬೆಳಿಗ್ಗೆ ಅವರು ನಡೆದುಕೊಂಡೇ ಬಂದರು. ನಮ್ಮ ಮನೆಯ ಬಾಗಿಲು ತಗ್ಗು, ತಲೆ ಬಗ್ಗಿಸಿ ಒಳಗೆ ಬರಬೇಕಾಯಿತು. ಅವ್ವ ನಡುಗೋಡೆಯ ಮುಂದಿದ್ದ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದಳು. ಹಳೆಯ ಬಿರುಕಿಗೆ ಎಂದೋ ಹಾಕಿದ ಸಿಮೆಂಟು ಮತ್ತೆ ಬಾಯಿ ಬಿಟ್ಟಿತ್ತು. ಅದರ ಪಕ್ಕದಲ್ಲಿ, ಮೂಲೆಯಿಂದ ಶುರುವಾಗಿ ಉದ್ದಕ್ಕೂ, ಅವಳ ಕತ್ತಿಯ ಗೀರು ಇನ್ನೂ ಇತ್ತು.